ಪೋಲೆಂಡ್ ವಿಷಯ ಎತ್ತಬೇಡ: ‘ಸಂದೇಶಂ’ ನೋಡಿ ಅಪ್ಪ ನಕ್ಕರು, ತಂಗಿ ಸಿಟ್ಟಾದಳು

ಪ್ರಶ್ನೆ: ನಾವು ಮಂಗಳೂರಿನವರು. ಹೋದ ಭಾನುವಾರ ಮನೆಯವರೆಲ್ಲ ಸೇರಿ ‘ಸಂದೇಶಂ’ ಅನ್ನೋ ಹಳೆಯ ಮಲಯಾಳಂ ಸಿನಿಮಾ ನೋಡಿದೆವು. ಅಪ್ಪ ನಕ್ಕು ನಕ್ಕು ಸುಸ್ತಾದರು, ‘ರಾಜಕೀಯದ ಬಗ್ಗೆ ಇದಕ್ಕಿಂತ ಒಳ್ಳೆ ಸಿನಿಮಾ ಇಲ್ಲ’ ಅಂದರು. ಕಾಲೇಜಿಗೆ ಹೋಗುವ ತಂಗಿಗೆ ಸಿಟ್ಟು ಬಂತು, ‘ಯುವಕರು ರಾಜಕೀಯಕ್ಕೆ ಬರಬೇಡಿ ಅಂತ ಬುದ್ಧಿ ಹೇಳೋ ಸಿನಿಮಾ ಇದು’ ಅಂದಳು. ಕಣ್ಣೂರಿನ ನನ್ನ ಗೆಳೆಯ ‘ಎರಡೂ ಪಕ್ಷಗಳನ್ನು ಸಮ ಗೇಲಿ ಮಾಡಿದ ಹಾಗೆ ಕಾಣುತ್ತೆ, ಆದರೆ ಏಟು ಬಿದ್ದಿರೋದು ಕಮ್ಯುನಿಸ್ಟರಿಗೆ ಮಾತ್ರ’ ಅನ್ನುತ್ತಾನೆ. ನನಗೆ ಮೂವರ ಮಾತೂ ಸರಿ ಅನ್ನಿಸುತ್ತದೆ. ನಿಮ್ಮ ಅಭಿಪ್ರಾಯ ಏನು?

ಉತ್ತರ: ನಿಮ್ಮ ಮನೆಯ ಈ ಜಗಳದ ಕಥೆ ಓದಿ ನನಗೆ ತುಂಬಾ ಖುಷಿಯಾಯಿತು. ಮೂವತ್ತು ವರ್ಷ ದಾಟಿದ ಹಾಸ್ಯ ಸಿನಿಮಾ ಒಂದು ಮನೆಯವರನ್ನು ಇವತ್ತಿಗೂ ಮೂರು ಕಡೆ ಎಳೆಯುತ್ತದೆ ಅಂದರೆ ಅದರಲ್ಲಿ ಜೀವ ಇದೆ ಅಂತ ಅರ್ಥ. ಚಿತ್ರ ಸಮಾಜಗಳಲ್ಲಿ ನಾನು ಈ ಸಿನಿಮಾವನ್ನು ತೋರಿಸಿ ಮಾತಾಡಿದಾಗಲೆಲ್ಲ ಇದೇ ಮೂರು ಅಭಿಪ್ರಾಯ ಬಂದಿವೆ. ವಯಸ್ಸಾದವರು ನಗುತ್ತಾರೆ, ಕಾಲೇಜಿನವರು ಕೊನೆಗೆ ಮುಖ ಸಿಂಡರಿಸುತ್ತಾರೆ, ಎಡಪಕ್ಷದ ಒಲವಿರುವವರು ನಗುತ್ತಲೇ ಗೊಣಗುತ್ತಾರೆ.

ಸಿನಿಮಾ ನೋಡದವರಿಗಾಗಿ ಕಥೆಯನ್ನು ಎರಡೇ ಮಾತಲ್ಲಿ ಹೇಳಿಬಿಡುತ್ತೇನೆ. 1991ರ ಸಿನಿಮಾ. ಬರೆದವರು ಶ್ರೀನಿವಾಸನ್, ನಿರ್ದೇಶಿಸಿದವರು ಸತ್ಯನ್ ಅಂತಿಕ್ಕಾಡ್. ರಾಘವನ್ ನಾಯರ್ ಅನ್ನೋ ರೈಲ್ವೆ ನೌಕರ ಹೊರರಾಜ್ಯದಲ್ಲಿ ದುಡಿದು, ನಿವೃತ್ತಿಯಾಗಿ ಊರಿಗೆ ಬರುತ್ತಾನೆ. ಈ ಪಾತ್ರ ತಿಲಕನ್ ಅವರದು. ಮನೆಯಲ್ಲಿ ಓದಿದ, ಕೆಲಸ ಇಲ್ಲದ ಇಬ್ಬರು ಗಂಡು ಮಕ್ಕಳು. ದೊಡ್ಡವನು ಪ್ರಭಾಕರನ್, ಕಮ್ಯುನಿಸ್ಟರನ್ನು ಹೋಲುವ ಆರ್‌ಡಿಪಿ ಅನ್ನೋ ಕಲ್ಪಿತ ಪಕ್ಷದ ಕಾರ್ಯಕರ್ತ. ಇದನ್ನು ಶ್ರೀನಿವಾಸನ್ ಅವರೇ ಮಾಡಿದ್ದಾರೆ. ಅವನ ತಮ್ಮ ಪ್ರಕಾಶನ್, ಕಾಂಗ್ರೆಸ್ಸನ್ನು ಹೋಲುವ ಐಎನ್‌ಎಸ್‌ಪಿಯವನು. ಇದು ಜಯರಾಂ ಪಾತ್ರ. ಇಬ್ಬರೂ ಊರನ್ನು ಉದ್ಧಾರ ಮಾಡುವ ಭರದಲ್ಲಿ ಮನೆಯನ್ನು ಮರೆತಿದ್ದಾರೆ. ಅಪ್ಪ ನೋಡುತ್ತಾನೆ, ಸಹಿಸುತ್ತಾನೆ, ಕೊನೆಗೆ ಸಿಡಿಯುತ್ತಾನೆ.

ಮೊದಲು ನಿಮ್ಮ ಅಪ್ಪನ ನಗು. ಅದು ಪೂರ್ತಿ ನ್ಯಾಯವಾದ ನಗು. ಯಾಕೆ ಅಂದರೆ ಈ ಸಿನಿಮಾ ನಗುವುದು ಮಂತ್ರಿಗಳನ್ನು ನೋಡಿ ಅಲ್ಲ. ನಮ್ಮ ಭಾಷೆಗಳ ಹೆಚ್ಚಿನ ರಾಜಕೀಯ ಹಾಸ್ಯಗಳಲ್ಲಿ ದುಡ್ಡು ಹೊಡೆಯುವ ರಾಜಕಾರಣಿ ಇರುತ್ತಾನೆ, ಅವನ ಹಿಂದೆ ಚೇಲಾಗಳಿರುತ್ತಾರೆ. ನಮ್ಮ ಕನ್ನಡದಲ್ಲೇ 2018ರಲ್ಲಿ ಡ್ಯಾನಿಶ್ ಸೇಠ್ ಮಾಡಿದ ನೊಗ್‌ರಾಜ್ ಅಂಥ ಪಾತ್ರ. ‘ಸಂದೇಶಂ’ ಅದನ್ನು ಬಿಟ್ಟು ಕಾರ್ಯಕರ್ತನ ಹಿಂದೆ ಹೋಗುತ್ತದೆ. ಬಾವುಟ ಕಟ್ಟುವವನು, ಪೋಸ್ಟರ್ ಅಂಟಿಸುವವನು, ರಾತ್ರಿ ಹೊತ್ತಾಗಿ ಬಂದು ಅಮ್ಮ ಮುಚ್ಚಿಟ್ಟ ಅನ್ನ ತಿನ್ನುವವನು. ಅವನಿಗೆ ಲಂಚ ಸಿಗುವುದಿಲ್ಲ, ಅಧಿಕಾರವೂ ಸಿಗುವುದಿಲ್ಲ. ಸಿಗುವುದು ಪಕ್ಷದ ಮಾತು ಮಾತ್ರ. ಆ ಮಾತನ್ನು ಅವನು ಮೈಮೇಲೆ ಹೊಸ ಅಂಗಿಯ ಹಾಗೆ ಹಾಕಿಕೊಂಡು ತಿರುಗುತ್ತಾನೆ.

ಇದು ಕಾಣುವುದು ಪಕ್ಷದ ಸ್ಟಡಿ ಕ್ಲಾಸ್ ದೃಶ್ಯದಲ್ಲಿ. ನೀವೂ ನೋಡಿದ್ದೀರಿ, ಇನ್ನೊಂದು ಸಲ ನಿಧಾನವಾಗಿ ನೋಡಿ. ಆರ್‌ಡಿಪಿ ಚುನಾವಣೆಯಲ್ಲಿ ಸೋತಿದೆ. ಹಿರಿಯ ಮುಖಂಡ ಕುಮಾರಪಿಳ್ಳೆ ಸೋಲಿನ ಕಾರಣ ವಿವರಿಸುತ್ತಾರೆ. ಶಂಕರಾಡಿ ಅವರ ಪಾತ್ರ. ವಿಘಟನವಾದಿಗಳೂ ಪ್ರತಿಕ್ರಿಯಾವಾದಿಗಳೂ ಮೇಲ್ನೋಟಕ್ಕೆ ದೂರ ಇದ್ದರೂ ಅವರ ನಡುವಿನ ‘ಅಂತರ್ಧಾರ’ ಸಜೀವವಾಗಿತ್ತು ಅಂತ ಭಾವಿಸಬೇಕು ಅನ್ನುತ್ತಾರೆ. ಮುಖದಲ್ಲಿ ಒಂದು ಚೂರೂ ನಗು ಇಲ್ಲ. ಕೂತವರು ಶ್ರದ್ಧೆಯಿಂದ ಕೇಳುತ್ತಾರೆ. ಆಗ ಉತ್ತಮನ್ ಅನ್ನೋ ಸಾಮಾನ್ಯ ಕಾರ್ಯಕರ್ತ ಎದ್ದು ಕೇಳುತ್ತಾನೆ: ನಾವು ಯಾಕೆ ಸೋತೆವು ಅಂತ ಸರಳವಾಗಿ ಹೇಳಿದರೆ ಏನಾಗುತ್ತದೆ?

ಕನ್ನಡದವರಿಗೆ ಇಲ್ಲಿ ಒಂದು ವಿಶೇಷ ಇದೆ. ನನಗೆ ಮಲಯಾಳಂ ಅಷ್ಟಾಗಿ ಬಾರದ ಕಾಲದಲ್ಲಿ ಈ ದೃಶ್ಯ ಮೊದಲ ಸಲ ನೋಡಿದೆ. ಕುಮಾರಪಿಳ್ಳೆಯ ಮಾತೆಲ್ಲ ಸಬ್‌ಟೈಟಲ್ ಇಲ್ಲದೆಯೇ ಕಿವಿಗೆ ಪರಿಚಿತ. ವಿಘಟನ, ಪ್ರತಿಕ್ರಿಯೆ, ಸಜೀವ, ಧಾರೆ, ಎಲ್ಲ ನಮ್ಮ ಭಾಷಣಗಳಲ್ಲೂ ಇರುವ ಸಂಸ್ಕೃತ ಪದಗಳೇ. ಆದರೆ ಉತ್ತಮನ್ ಕೇಳಿದ ಸರಳ ಪ್ರಶ್ನೆ ಮಾತ್ರ ಅರ್ಥವಾಗಲಿಲ್ಲ, ಪಕ್ಕದವರನ್ನು ಕೇಳಬೇಕಾಯಿತು. ಅದೇ ಊರಿನ ಉತ್ತಮನ್‌ಗೆ ಪಕ್ಷದ ಮಾತು ತಿಳಿಯದು, ಹೊರಗಿನವನಾದ ನನಗೆ ಉತ್ತಮನ್‌ನ ಮಾತು ತಿಳಿಯದು. ಪಕ್ಷದ ಭಾಷೆ ತನ್ನ ಮನೆ ಬಿಟ್ಟು ಎಷ್ಟು ದೂರ ಹೋಗಿದೆ ಅನ್ನೋದು ನನಗೆ ಆವತ್ತು ಗೊತ್ತಾಯಿತು. ‘ಅಂತರ್ಧಾರ’ ಈಗ ಕೇರಳದ ನಿತ್ಯದ ಮಾತು. ಎರಡು ಪಕ್ಷಗಳ ನಡುವೆ ಒಳಒಪ್ಪಂದ ಇದೆ ಅಂತ ಆರೋಪ ಮಾಡಬೇಕಾದರೆ ಅಲ್ಲಿನ ನಾಯಕರೇ ಈ ಪದ ಬಳಸುತ್ತಾರೆ.

ಈಗ ನಿಮ್ಮ ಕಣ್ಣೂರಿನ ಗೆಳೆಯನ ದೂರು. ಅವನು ಅರ್ಧ ಸರಿ.

ಎರಡು ಪಕ್ಷಗಳ ಗೇಲಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ಐಎನ್‌ಎಸ್‌ಪಿ ಕಡೆಯ ದೊಡ್ಡ ದೃಶ್ಯ ಯಾವುದು? ಉತ್ತರ ಭಾರತದಿಂದ ಯಶವಂತ ಸಹಾಯ್ ಅನ್ನೋ ನಾಯಕ ಬರುತ್ತಾನೆ. ಇನ್ನಸೆಂಟ್ ಅದ್ಭುತವಾಗಿ ಮಾಡಿದ್ದಾರೆ. ಅವನಿಗೆ ‘ನಾರಿಯಲ್ ಕಾ ಪಾನಿ’ ಬೇಕು. ಹೈಕಮಾಂಡ್ ಅಂದರೆ ಕೈಕಟ್ಟಿ ನಿಲ್ಲುವ ಸ್ಥಳೀಯ ಮುಖಂಡರು ಅವನ ಸೇವೆಗೆ ಓಡಾಡುತ್ತಾರೆ. ತುಂಬಾ ನಗು ಬರುತ್ತದೆ, ನಿಜ. ಆದರೆ ಇದು ಹೊರಗಿನಿಂದ ನೋಡಿದ ನಗು. ದೆಹಲಿಯ ನಾಯಕನ ಮುಂದೆ ಬಾಗುವುದನ್ನು ಯಾವ ರಾಜ್ಯದವರು ಬೇಕಾದರೂ ಬರೆಯಬಹುದು, ಅಲ್ವಾ? ನಮ್ಮಲ್ಲೂ ಅದಕ್ಕೆ ಬರ ಇಲ್ಲ.

ಆರ್‌ಡಿಪಿ ಕಡೆಯ ಗೇಲಿ ಹಾಗಲ್ಲ. ಅದು ಒಳಗಿನವರಿಗೆ ಮಾತ್ರ ಗೊತ್ತಿರುವ ವಿವರಗಳಿಂದ ಬಂದದ್ದು. ಸ್ಟಡಿ ಕ್ಲಾಸಿನ ಧಾಟಿ, ಮದುವೆ ಎಂದರೆ ಒಂದು ಕೆಂಪು ಹಾರ ಆ ಕಡೆ ಒಂದು ಈ ಕಡೆ ಅನ್ನೋ ಪ್ರಭಾಕರನ್‌ನ ಲೆಕ್ಕಾಚಾರ, ಎದುರಾಳಿಗೆ ಉತ್ತರ ಕೊಡಲಾಗದೆ ಇರುವಾಗ ಬರುವ ಆ ಗಂಭೀರ ಮುಖ. ಶ್ರೀನಿವಾಸನ್ ಕಣ್ಣೂರು ಜಿಲ್ಲೆಯ ಪಾಟ್ಯಂನವರು. ಸತ್ಯನ್ ಅವರ ಅಂತಿಕ್ಕಾಡ್ ಕೂಡ ಎಡ ಚಳವಳಿಯ ಹಳೆಯ ನೆಲೆ. ಇಬ್ಬರೂ ಕೆಂಪು ಬಾವುಟದ ನೆರಳಲ್ಲೇ ಬೆಳೆದವರು. ಹಾಗಾಗಿ ಒಂದು ಕಡೆಯ ಏಟು ಚರ್ಮಕ್ಕೆ ತಾಗುತ್ತದೆ, ಇನ್ನೊಂದು ಕಡೆಯದು ಮೂಳೆಗೆ. ನಿಮ್ಮ ಗೆಳೆಯನಿಗೆ ನೋವಾಗಿದ್ದು ಇದಕ್ಕೇ.

ಆದರೆ ಇದನ್ನು ದ್ವೇಷ ಅಂತ ಕರೆಯಲು ನಾನು ಒಪ್ಪುವುದಿಲ್ಲ. ಪೋಲೆಂಡ್ ದೃಶ್ಯ ನೋಡಿ. ಅಣ್ಣ ತಮ್ಮ ಮನೆಯಲ್ಲಿ ವಾದಕ್ಕೆ ಬಿದ್ದಿದ್ದಾರೆ. ತಮ್ಮ ಪೋಲೆಂಡ್ ವಿಷಯ ಎತ್ತುತ್ತಾನೆ. ಅಣ್ಣನಿಗೆ ತಡೆಯಲಾಗುವುದಿಲ್ಲ. ಪೋಲೆಂಡ್ ಬಗ್ಗೆ ಒಂದಕ್ಷರ ಮಾತಾಡಬೇಡ, ನನಗೆ ಅದು ಇಷ್ಟ ಇಲ್ಲ ಅನ್ನುತ್ತಾನೆ. ಮಲಯಾಳಿಗಳು ವಾದದಲ್ಲಿ ಸೋತಾಗಲೆಲ್ಲ ಇವತ್ತೂ ಹೇಳುವ ಮಾತು ಇದು. ಅಲ್ಲಿ ಪೋಲೆಂಡೇ ಯಾಕೆ ಬಂತು ಅನ್ನೋದನ್ನು ಈಗಿನ ನೋಡುಗರು ಗಮನಿಸುವುದು ಕಡಿಮೆ. 1989ರ ಜೂನ್‌ನಲ್ಲಿ ಪೋಲೆಂಡಿನ ಚುನಾವಣೆಯಲ್ಲಿ ಅಲ್ಲಿನ ಕಮ್ಯುನಿಸ್ಟ್ ಪಕ್ಷ ಸೋತಿತು. ಸೋಲಿಸಿದ್ದು ಬಂಡವಾಳಶಾಹಿಗಳ ಪಕ್ಷ ಅಲ್ಲ, ಸಾಲಿಡಾರಿಟಿ ಅನ್ನೋ ಕಾರ್ಮಿಕ ಸಂಘಟನೆ. ಅದರ ನಾಯಕ ಲೆಕ್ ವಾಲೆಸಾ ಗ್ಡಾನ್ಸ್ಕ್‌ನ ಹಡಗುಕಟ್ಟೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. 1990ರ ಕೊನೆಗೆ ಅವರೇ ದೇಶದ ಅಧ್ಯಕ್ಷರಾದರು. ಕಾರ್ಮಿಕರ ಪಕ್ಷವನ್ನು ಕಾರ್ಮಿಕರೇ ಕೆಳಗಿಳಿಸಿದರು. ಅಮೆರಿಕ ಅಂದಿದ್ದರೆ ಪ್ರಭಾಕರನ್ ಹತ್ತಿರ ಹತ್ತು ಉತ್ತರ ಇರುತ್ತಿತ್ತು. ಪೋಲೆಂಡಿಗೆ ಉತ್ತರ ಇಲ್ಲ. ಸಿನಿಮಾ ಬಂದ ಅದೇ ವರ್ಷದ ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟವೇ ಕರಗಿಹೋಯಿತು.

ಆ ಹೊತ್ತಿನ ಶ್ರೀನಿವಾಸನ್ ಮುಖ ನೋಡಿ. ಅವಮಾನ ಇದೆ, ಸಿಟ್ಟಿದೆ, ಒಳಗೊಂದು ಸಂಕಟ ಇದೆ. ನಂಬಿದ ಮನೆ ಬಿದ್ದಿದೆ ಅಂತ ಗೊತ್ತಾದವನ ಮುಖ ಅದು. ಬರೀ ಗೇಲಿ ಮಾಡಬೇಕು ಅಂತ ಹೊರಟವರಿಗೆ ಇಂಥ ಮುಖ ಬರೆಯಲು ಆಗುವುದಿಲ್ಲ. ಅದಕ್ಕೇ ಕೇರಳದ ಕಮ್ಯುನಿಸ್ಟರು ಈ ಸಾಲನ್ನು ತಾವೇ ಹೇಳಿಕೊಂಡು ನಗುತ್ತಾರೆ. ಇದೇ ಜೋಡಿ 1989ರಲ್ಲಿ ‘ವರವೇಲ್ಪ್’ ಮಾಡಿತ್ತು. ಗಲ್ಫ್‌ನಿಂದ ಬಂದವನೊಬ್ಬ ಬಸ್ ತೆಗೆದುಕೊಂಡು ಯೂನಿಯನ್ ಕಾಟದಿಂದ ಸೋತುಹೋಗುವ ಕಥೆ. ಅದರ ಬಗ್ಗೆ ನಿಮ್ಮ ಗೆಳೆಯ ಇದೇ ದೂರು ಹೇಳಿದರೆ ನಾನು ಹೆಚ್ಚು ವಾದ ಮಾಡುವುದಿಲ್ಲ. ಅಲ್ಲಿ ಕಾರ್ಮಿಕರಿಗೆ ಇಂಥ ಒಂದು ಮುಖವೂ ಸಿಕ್ಕಿಲ್ಲ.

ಇನ್ನು ತಂಗಿಯ ಸಿಟ್ಟು. ನಿಮ್ಮ ಪ್ರಶ್ನೆಯಲ್ಲಿ ನನಗೆ ಜಾಸ್ತಿ ಮುಖ್ಯ ಅನ್ನಿಸಿದ್ದು ಇದೇ.

ಅವಳೊಬ್ಬಳೇ ಹೀಗೆ ಅನ್ನುತ್ತಿಲ್ಲ ಅಂತ ಹೇಳಿ. ‘ಕುಂಬಳಂಗಿ ನೈಟ್ಸ್’ ಬರೆದ ಶ್ಯಾಮ್ ಪುಷ್ಕರನ್ ಕೂಡ ಈ ಸಿನಿಮಾ ಕೊಡುವ ಸಂದೇಶ ತಮಗೆ ಒಪ್ಪಿಗೆ ಇಲ್ಲ ಅಂದಿದ್ದಾರೆ. ವಿದ್ಯಾರ್ಥಿಗಳಿಗೆ ರಾಜಕೀಯ ಬೇಡ ಅನ್ನೋ ಮಾತಿಗೇ ಅವರ ತಕರಾರು. ಕೇರಳದಲ್ಲಿ ಅದು ದೊಡ್ಡ ಚರ್ಚೆಯಾಯಿತು. ತಲೆಮಾರುಗಳು ಪ್ರೀತಿಸಿದ ಸಿನಿಮಾ ಇದು, ಇದರ ಮೇಲೆ ಕೈ ಮಾಡಿದರೆ ಸುಮ್ನೆ ಬಿಡುತ್ತಾರಾ?

ಎರಡು ದೃಶ್ಯಗಳನ್ನು ಬೇರೆ ಬೇರೆ ಇಟ್ಟು ನೋಡಿದರೆ ತಂಗಿಯ ಮಾತು ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಅಂತ ಗೊತ್ತಾಗುತ್ತದೆ.

ಮೊದಲನೆಯದು ಅಪ್ಪ ಸಿಡಿಯುವ ದೃಶ್ಯ. ಅಮ್ಮ ಹುಷಾರಿಲ್ಲದೆ ಆಸ್ಪತ್ರೆ ಸೇರಿದರೂ ಮಕ್ಕಳಿಗೆ ಬಿಡುವಿಲ್ಲ. ಅಲ್ಲಿಗೆ ರಾಘವನ್ ನಾಯರ್‌ನ ತಾಳ್ಮೆ ಮುಗಿಯುತ್ತದೆ, ಮನೆಯಿಂದ ಹೊರಗೆ ನಡೀರಿ ಅನ್ನುತ್ತಾನೆ. ಆಗ ಅವನು ರಾಜಕೀಯ ಕೆಟ್ಟದ್ದು ಅನ್ನುವುದೇ ಇಲ್ಲ. ಒಳ್ಳೆಯವರು ಮಾಡಿದರೆ ರಾಜಕೀಯ ಒಳ್ಳೆಯದೇ, ಮೊದಲು ನೀನು ನೆಟ್ಟಗಾಗು, ನಿನ್ನ ಮನೆ ನೋಡು, ಆಮೇಲೆ ನಾಡು ನೋಡು ಅನ್ನೋ ಅರ್ಥದ ಮಾತು ಅವನದು. ತಿಲಕನ್ ಅವರ ದನಿಯಲ್ಲಿ ಅದು ಬುದ್ಧಿಮಾತಿನ ಹಾಗೆ ಕೇಳುವುದಿಲ್ಲ. ಜೀವಮಾನವೆಲ್ಲ ಸಂಬಳದ ದುಡ್ಡು ಊರಿಗೆ ಕಳಿಸಿದವನ ಗಂಟಲು ಅದು. ಅವನ ಸಿಟ್ಟಿಗೆ ಕಾರಣ ಇದೆ. ಅಲ್ಲಿಯವರೆಗೆ ನಾನು ನಿಮ್ಮ ಅಪ್ಪನ ಕಡೆಗೇ.

ಎರಡನೆಯದು ಕೊನೆಯ ದೃಶ್ಯ. ಅಣ್ಣಂದಿರು ದಾರಿಗೆ ಬಂದಿದ್ದಾರೆ, ದುಡಿಮೆಗೆ ಹತ್ತಿದ್ದಾರೆ. ಅವರಿಗೊಬ್ಬ ಕಿರಿಯ ತಮ್ಮ, ಓದುವ ಹುಡುಗ ಪ್ರಶಾಂತನ್. ಬಾವುಟದ ಗೀಳು ಅವನಿಗೂ ಹತ್ತಿದೆ. ಬಾವುಟ ಬಿಡು, ಓದು ಅಂತ ಅಣ್ಣಂದಿರು ಹೇಳುತ್ತಾರೆ. ಸಿನಿಮಾ ಅಲ್ಲಿಗೆ ಖುಷಿಯಿಂದ ಮುಗಿಯುತ್ತದೆ. ತಂಗಿಯ ಸಿಟ್ಟು ಇಲ್ಲಿ ಪೂರ್ತಿ ಸರಿ. ಅಪ್ಪನ ಮಾತಲ್ಲಿ ‘ಒಳ್ಳೆಯವರು ಮಾಡಿದರೆ’ ಅನ್ನೋ ಒಂದು ಬಾಗಿಲು ತೆರೆದಿತ್ತು. ಕೊನೆಯ ದೃಶ್ಯ ಆ ಬಾಗಿಲನ್ನು ಮುಚ್ಚಿಬಿಡುತ್ತದೆ. ಆ ಹುಡುಗ ಬಾವುಟ ಯಾಕೆ ಹಿಡಿದ, ಅವನಿಗೆ ಏನು ಅನ್ನಿಸಿತ್ತು ಅಂತ ಯಾರೂ ಅವನನ್ನು ಕೇಳುವುದಿಲ್ಲ. ಸಿನಿಮಾನೂ ಕೇಳುವುದಿಲ್ಲ.

ನಮ್ಮ ರಾಜ್ಯದವರಿಗೆ ಈ ದೃಶ್ಯ ಅಷ್ಟಾಗಿ ಚುಚ್ಚುವುದಿಲ್ಲ. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತು ಮೂರು ದಶಕ ದಾಟಿದೆ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯಲ್ಲೂ ಪಕ್ಷದ ಚಿಹ್ನೆ ಇಲ್ಲ. ಕೇರಳದಲ್ಲಿ ಪಂಚಾಯಿತಿ ವಾರ್ಡಿಗೂ ಪಕ್ಷದ ಚಿಹ್ನೆಯಲ್ಲೇ ನಿಲ್ಲುತ್ತಾರೆ, ಕಾಲೇಜು ಯೂನಿಯನ್ ಚುನಾವಣೆಗೆ ಊರೇ ಕಿವಿಗೊಡುತ್ತದೆ. ಅಲ್ಲಿನ ಎಷ್ಟೋ ಶಾಸಕರು, ಮಂತ್ರಿಗಳು ಅಲ್ಲಿಂದಲೇ ಬಂದವರು. ಕ್ಯಾಂಪಸ್ ರಾಜಕೀಯ ಇರಬೇಕೋ ಬೇಡವೋ ಅಂತ ಕೇರಳ ಹೈಕೋರ್ಟಿನ ಮುಂದೆ ಮತ್ತೆ ಮತ್ತೆ ಕೇಸು ಹೋಗಿವೆ. ಹಾಗಾಗಿ ‘ಬಾವುಟ ಬಿಡು, ಓದು’ ಅನ್ನೋದು ಮಂಗಳೂರಿನಲ್ಲಿ ಮನೆಯ ಹಿರಿಯರ ಮಾತು. ಗಡಿ ದಾಟಿದರೆ ಅದೇ ಮಾತು ಒಂದು ರಾಜಕೀಯ ನಿಲುವು. ಗಡಿಯ ಈ ಕಡೆ ಕೂತೂ ನಿಮ್ಮ ತಂಗಿಗೆ ಅದು ಚುಚ್ಚಿತಲ್ಲ, ಅವಳ ಕಣ್ಣು ಸೂಕ್ಷ್ಮ.

ನನಗೆ ಇನ್ನೂ ಒಂದು ವಿಷಯ ಕಾಡುತ್ತದೆ. 1991ರ ಏಪ್ರಿಲ್ 18ರಂದು ಕೇರಳ ಸಂಪೂರ್ಣ ಸಾಕ್ಷರ ರಾಜ್ಯ ಅಂತ ಘೋಷಣೆಯಾಯಿತು. ಈ ಸಿನಿಮಾ ಬಂದ ಅದೇ ವರ್ಷ! ಆ ಕೆಲಸ ಹೇಗೆ ಆಯಿತು? ಲಕ್ಷಗಟ್ಟಲೆ ಸ್ವಯಂಸೇವಕರು ಸಂಜೆ ಹೊತ್ತು ಮನೆಮನೆಗೆ, ಕಾಲೋನಿಗಳಿಗೆ, ಮೀನುಗಾರರ ಕೇರಿಗಳಿಗೆ ಹೋಗಿ, ವಯಸ್ಸಾದವರ ಕೈ ಹಿಡಿದು ಅಕ್ಷರ ತಿದ್ದಿಸಿದರು. ಸಂಬಳ ಇಲ್ಲದ ಕೆಲಸ. ಅವರಲ್ಲಿ ಪ್ರಭಾಕರನ್ ಪ್ರಕಾಶನ್ ಥರದ ಓದಿದ, ಕೆಲಸ ಸಿಗದ ಹುಡುಗ ಹುಡುಗಿಯರು ಬೇಕಾದಷ್ಟಿದ್ದರು. ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ಬರೆಸಿ ಕಾಯುತ್ತಿದ್ದ ಲಕ್ಷಾಂತರ ಮಂದಿಯ ಕಾಲ ಅದು. ಸಿನಿಮಾದೊಳಗೆ ಕೆಲಸ ಇಲ್ಲದಿರುವುದು ಹುಡುಗರ ಸೋಮಾರಿತನ. ಸಿನಿಮಾದ ಹೊರಗೆ ಅದು ಇಡೀ ರಾಜ್ಯದ ಕಷ್ಟ. ಅದೇ ಕೆಲಸ ಇಲ್ಲದ ಕೈಗಳು ಅಜ್ಜಿಯರಿಗೆ ಸ್ಲೇಟು ಹಿಡಿಸಿದ್ದವು. ಪ್ರಶಾಂತನ್ ಬಾವುಟ ಹಿಡಿದಿದ್ದು ಇಂಥದ್ದೊಂದು ಸಂಜೆ ನೋಡಿಯೂ ಇರಬಹುದಿತ್ತು. ಅದಕ್ಕೆ ಒಂದೇ ಒಂದು ಮಾತು ಈ ಸಿನಿಮಾದಲ್ಲಿ ಜಾಗ ಪಡೆದಿದ್ದರೆ ನನಗೆ ಸಾಕಾಗುತ್ತಿತ್ತು.

ಆಸ್ಪತ್ರೆಗೆ ಸೇರುವ ಅಮ್ಮನ ಬಗ್ಗೆಯೂ ಒಂದು ಮಾತು, ನಿಮ್ಮಲ್ಲಿ ಯಾರೂ ಎತ್ತದ ಕಾರಣ ಹೇಳುತ್ತೇನೆ. ಕವಿಯೂರ್ ಪೊನ್ನಮ್ಮ ಮಾಡಿದ ಭಾನುಮತಿ ಅನ್ನೋ ಆ ತಾಯಿಗಾಗಲಿ, ಮನೆಯ ಹೆಣ್ಣುಮಕ್ಕಳಿಗಾಗಲಿ ಯಾವ ಪಕ್ಷವೂ ಇಲ್ಲ. ಬಡಿಸುತ್ತಾರೆ, ನೊಂದುಕೊಳ್ಳುತ್ತಾರೆ. 2010ರಿಂದ ಕೇರಳದ ಸ್ಥಳೀಯ ಸಂಸ್ಥೆಗಳ ಅರ್ಧ ಸೀಟು ಮಹಿಳೆಯರಿಗೆ ಮೀಸಲಾಗಿವೆ. ಈಗಿನ ಭಾನುಮತಿಯರು ವಾರ್ಡ್ ಮೆಂಬರ್ ಆಗಿರುತ್ತಾರೆ. ಇವತ್ತು ಈ ಕಥೆ ಬರೆದರೆ ಗಂಡು ಮಕ್ಕಳ ಪೋಲೆಂಡ್ ವಾದಕ್ಕೆ ಅಡುಗೆಮನೆಯಿಂದಲೇ ಉತ್ತರ ಬರುತ್ತಿತ್ತು.

ಹಾಗಾದರೆ ‘ಇದಕ್ಕಿಂತ ಒಳ್ಳೆಯದಿಲ್ಲ’ ಅನ್ನೋ ಅಪ್ಪನ ಮಾತು? ಅಲ್ಲಿ ನಾನು ಅಪ್ಪನನ್ನು ಬಿಟ್ಟು ಸ್ವಲ್ಪ ಆಚೆ ನಿಲ್ಲುತ್ತೇನೆ. ರಾಜಕೀಯ ವಿಡಂಬನೆ ಅಂತ ನೋಡಿದರೆ ಕೆ.ಜಿ. ಜಾರ್ಜ್ ಅವರ 1984ರ ‘ಪಂಚವಡಿ ಪಾಲಂ’ ಇದಕ್ಕಿಂತ ಗಟ್ಟಿ. ಚೆನ್ನಾಗಿಯೇ ಇರುವ ಸೇತುವೆಯನ್ನು ಕೆಡವಿ ಹೊಸದು ಕಟ್ಟುವ ಪಂಚಾಯಿತಿಯ ಕಥೆ ಅದು. ಕಟ್ಟಿದ ಸೇತುವೆ ಉದ್ಘಾಟನೆಯ ದಿನವೇ ಕುಸಿಯುತ್ತದೆ. ಅಲ್ಲಿ ಯಾರಿಗೂ ರಿಯಾಯಿತಿ ಇಲ್ಲ, ನೋಡುಗರಿಗೆ ನೆಮ್ಮದಿಯ ಕೊನೆಯೂ ಇಲ್ಲ. ‘ಸಂದೇಶಂ’ ಅಷ್ಟು ಕಠಿಣ ಅಲ್ಲ. ಅದು ಮನೆಯ ಸಿನಿಮಾ. ಅದರ ಕ್ಯಾಮೆರಾ ಅಪ್ಪನ ಜೊತೆ ಊರಿಗೆ ಬರುತ್ತದೆ, ಅಪ್ಪ ಎಷ್ಟು ನೋಡುತ್ತಾನೋ ಅಷ್ಟನ್ನೇ ತೋರಿಸುತ್ತದೆ. ಅಪ್ಪನ ಕುರ್ಚಿಯಲ್ಲಿ ಕೂತು ನೋಡಿದರೆ ಅದಕ್ಕೆ ಸಾಟಿ ಇಲ್ಲ. ಪ್ರಶಾಂತನ್‌ನ ಜಾಗದಲ್ಲಿ ನಿಂತರೆ ಅದು ಅನ್ಯಾಯ ಮಾಡುತ್ತದೆ. ನಿಮ್ಮ ಮನೆಯವರು ನೋಡಿದ್ದು ಒಂದೇ ಸಿನಿಮಾ, ಕೂತ ಜಾಗ ಬೇರೆ ಬೇರೆ.

ನನ್ನನ್ನು ಕೇಳಿದರೆ, ಕೊನೆಯ ಆ ಕೆಲವು ನಿಮಿಷ ಬಿಟ್ಟರೆ ಇದು ನನಗೆ ತುಂಬಾ ಪ್ರೀತಿಯ ಸಿನಿಮಾ. ಆ ಕೆಲವು ನಿಮಿಷವನ್ನು ಕ್ಷಮಿಸಲು ನಾನು ತಯಾರಿಲ್ಲ.

ಮುಂದಿನ ಭಾನುವಾರ ಸಮಯ ಇದ್ದರೆ 2013ರ ‘ಒರು ಇಂಡಿಯನ್ ಪ್ರಣಯಕಥಾ’ ನೋಡಿ. ಇದೂ ಸತ್ಯನ್ ಅಂತಿಕ್ಕಾಡ್ ಅವರದೇ. ಫಹದ್ ಫಾಸಿಲ್ ಮಾಡಿದ ಐಮನಂ ಸಿದ್ಧಾರ್ಥನ್ ಅನ್ನೋ ಯುವ ಮುಖಂಡನಿಗೆ ಸೀಟು ಬೇಕು, ಖಾದಿಯ ಗರಿ ಕೆಡಬಾರದು. ಇಪ್ಪತ್ತೆರಡು ವರ್ಷಗಳ ನಂತರ ಅದೇ ನಿರ್ದೇಶಕರು ಮತ್ತೊಬ್ಬ ಕಾರ್ಯಕರ್ತನ ಹಿಂದೆ ಹೊರಟಿದ್ದಾರೆ. ಈ ಸಲ ರಿಮೋಟ್ ತಂಗಿಯ ಕೈಗೆ ಕೊಡಿ. ಅವಳಿಗೆ ಏನನ್ನಿಸಿತು ಅಂತ ನನಗೆ ಬರೆದು ತಿಳಿಸಿ.